ಉಗಿ ಇಂಜಿನ್ ಫೋಟೊ ಇರೋ ಹೆಣ್ಮಕ್ಕಳ ಶರ್ಟ್ ಮಾಡಿಸ್ಕೊಳ್ಳೋದು ಹೆಂಗ: ಫೋಟೊದಿಂದ ಹೊಲಿಗಿ ತನಕ

ಹಳೆ ಉಗಿ ಇಂಜಿನ್ ಫೋಟೊ ಇರೋ ಶರ್ಟ್ ಬೇಕು ಅಂತ ಆನ್‌ಲೈನ್‌ನ್ಯಾಗ ಹುಡುಕಿ ನೋಡ್ರಿ, ಬರೋದು ಬಹಳಷ್ಟು ಗಂಡಸರ ಅಳತಿದು, ಇಲ್ಲಾ ಸಣ್ಣ ಹುಡುಗರ ಕಾರ್ಟೂನ್ ರೈಲು. ಹೆಣ್ಮಕ್ಕಳ ಅಳತಿದು ಒಂದೆರಡು ಸಿಕ್ಕರೂ ಅದು ಗಂಡಸರ ಶರ್ಟನ್ನ ಸಣ್ಣ ಮಾಡಿದ್ದು ಅಷ್ಟ, ಭುಜ ಜೋಲತಾವು, ಎದಿ ಹತ್ರ ಗುಂಡಿ ಬಿರಿತಾವು, ಮ್ಯಾಲಿರೋ ಇಂಜಿನ್ನು ಯಾವ ದೇಶದ್ದು ಅನ್ನೋದೂ ತಿಳಿಯೋದಿಲ್ಲ. ರೈಲು ಇಂಜಿನ್ ಅಂದ್ರ ಗಂಡಸರ ಹುಚ್ಚು ಅಂತ ಮಾರೋರು ತಿಳ್ಕೊಂಡಾರ. ನಮ್ಮ ಪಕ್ಕದ ಮಹಾರಾಷ್ಟ್ರದ ಸಾತಾರಾ ಜಿಲ್ಲಾದ ಸುರೇಖಾ ಯಾದವ್ 1980ರ ದಶಕದ ಕೊನಿಗೇ ರೈಲ್ವೆ ಸೇರಿ ಇಂಜಿನ್ ನಡೆಸೋಕೆ ಶುರು ಮಾಡಿದ್ರು, 2023ರ ಮಾರ್ಚ್‌ನ್ಯಾಗ ಸೊಲ್ಲಾಪುರದಿಂದ ಮುಂಬೈಗೆ ವಂದೇ ಭಾರತ್ ನಡೆಸಿದ್ದೂ ಅವರ, ಅಂಥಾದ್ರಾಗ ನಾವು ಒಂದು ಇಂಜಿನ್ ಅಂಗಿ ಹಾಕ್ಕೊಳ್ಳೋಕೆ ಗಂಡಸರ ಅಳತಿ ಯಾಕ ತಗೋಬೇಕ್ರಿ. ಬೆಳಗಾವಿದಾಗ ಕುಂತು ನಮಗ ಬೇಕಾದ ಇಂಜಿನ್ನು, ನಮಗ ಹಿಡಿಸೋ ಅರಬಿ, ನಮ್ಮ ಮೈ ಅಳತಿ, ಮೂರೂ ಕೂಡಿಸಿ ಮಾಡಿಸ್ಕೊಳ್ಳಾಕ ಬರ್ತೈತಿ. ನಾನು ನನಗೂ ಗೆಳತ್ಯಾರಿಗೂ ಮಾಡಿಸಿ ಮಾಡಿಸಿ ಗೊತ್ತಾಗಿದ್ದನ್ನ ಇಲ್ಲಿ ಬರದೀನಿ.

ಮೊದಲ ಒಂದು ಮಾತು, ಇದು ತಲ್ಯಾಗಿದ್ರ ಉಳಿದಿದ್ದು ತಾನ ಸರಿ ಹೋಗ್ತೈತಿ. ನಾವು ಏನ್ ಮಾಡ್ತೀವಿ ಅಂದ್ರ ಸೀದಾ ಪ್ರಿಂಟಿಂಗ್ ಅಂಗಡಿಗೆ ಹೋಗಿ ಅಲ್ಲಿರೋ ರೆಡಿಮೇಡ್ ಶರ್ಟ್ ಆರಿಸಿ, ಮೊಬೈಲ್‌ನ್ಯಾಗ ಗೂಗಲ್ ಮಾಡಿ ಒಂದು ಫೋಟೊ ತಗದು, ಇದನ್ನ ಎದಿ ಮ್ಯಾಲೆ ಹೊಡ್ದು ಕೊಡ್ರಿ ಅಂತೀವಿ. ಇದು ಪೂರಾ ಉಲ್ಟಾ. ಫೋಟೊ ಮೊದಲ, ಅದು ಮೈ ಮ್ಯಾಲೆ ಎಲ್ಲಿ ಕೂಡಬೇಕು ಅನ್ನೋದು ಎರಡನೇದು, ಅರಬಿ ಮೂರನೇದು, ಪ್ರಿಂಟಿಂಗ್ ಅಂಗಡಿ ನಾಕನೇದು, ಟೇಲರ್ ಕೊನಿಗೆ. ಹೂವಿನ ಪ್ರಿಂಟ್ ಒಂದೀಟು ಸೊಟ್ಟ ಆದ್ರ ಯಾರಿಗೂ ಗೊತ್ತಾಗೋದಿಲ್ಲ, ಆದ್ರ ಇಂಜಿನ್ ಅಂದ್ರ ಎಲ್ಲಾ ನೆಟ್ಟನ ಗೆರಿ ಮತ್ತ ದುಂಡನ ಗಾಲಿ, ಬಾಯ್ಲರ್, ಅಂದ್ರ ನೀರು ಕಾಸೋ ಉದ್ದನ ಕೊಳವಿ, ಕಾಲು ಇಂಚು ವಾಲಿದ್ರೂ ಕಣ್ಣಿಗೆ ಹೊಡಿತೈತಿ, ಗಾಲಿ ಸ್ವಲ್ಪ ಜಗ್ಗಿದ್ರ ಇಡೀ ಇಂಜಿನ್ ಸುಳ್ಳು ಅನಸ್ತೈತಿ. ಅದಕ್ಕ ಎಲ್ಲಿ ಕೂಡಸ್ಬೇಕು ಅನ್ನೋದಕ್ಕ ಇಷ್ಟು ಒತ್ತು ಕೊಟ್ಟು ಹೇಳಾಕತ್ತೀನಿ.

ಈಗ ಇಂಜಿನ್ ಯಾವುದು ಆರಿಸ್ಬೇಕು ಅನ್ನೋದು. ನಮ್ಮ ಕಡೆ ರೈಲು ತಂದಿದ್ದು ಸದರ್ನ್ ಮರಾಠಾ ರೈಲ್ವೆ, 1882ರಾಗ ಶುರುವಾದ ಕಂಪನಿ, 1908ರಾಗ ಮದ್ರಾಸ್ ರೈಲ್ವೆ ಜೋಡಿ ಕೂಡಿ ಮದ್ರಾಸ್ ಆಂಡ್ ಸದರ್ನ್ ಮರಾಠಾ ಆತು. ಗದಗದಿಂದ ಬಾಗಲಕೋಟಿ, ವಿಜಯಪುರ ಹಾದು ಸೊಲ್ಲಾಪುರ ಹತ್ತಿರದ ಹೊಟಗಿಗೆ ಹೋಗೋ ಲೈನು, ಲೋಂಡಾದಿಂದ ಬೆಳಗಾವಿ ಹಾದು ಮೀರಜ್‌ಗೆ ಹೋಗೋ ಲೈನು, ಎರಡೂ ಮೀಟರ್ ಗೇಜ್ ಇದ್ವು, ಹಳಿ ನಡುವಿನ ಅಂತರ 1000 ಮಿಲಿಮೀಟರ್. ಬೆಳಗಾವಿ ಕಡಿದು 1990ರ ದಶಕದಾಗ ಬ್ರಾಡ್ ಗೇಜ್, ಅಂದ್ರ ಅಗಲ ಹಳಿ, ಆತು, ವಿಜಯಪುರ ಬಾಗಲಕೋಟಿ ಕಡೆ ಅದಕ್ಕಿಂತ ತಡ. ಇದನ್ನ ಯಾಕ ಹೇಳ್ತೀನಂದ್ರ ಬಾಳ ಮಂದಿ ಶರ್ಟಿಗೆ ಅಂತ ಆರಿಸೋದು ಮೂತಿ ಮುಂದಕ್ಕ ಚೂಪಾಗಿ ಬಂದು ಅದರ ಮ್ಯಾಲೆ ಬೆಳ್ಳಿ ಬಣ್ಣದ ನಕ್ಷತ್ರ ಇರೋ ಇಂಜಿನ್ನು, ಅದು ಡಬ್ಲ್ಯೂಪಿ, 1947ರಾಗ ಅಮೇರಿಕಾದ ಬಾಲ್ಡ್‌ವಿನ್ ಕಂಪನಿಯಿಂದ ಮೊದಲ ಬಂದಿದ್ದು, ನೋಡಾಕ ಭಾಳ ಚಂದ, ನನಗೂ ಇಷ್ಟ. ಆದ್ರ ಅದು ಬ್ರಾಡ್ ಗೇಜ್ ಇಂಜಿನ್ನು, ಮೀಟರ್ ಗೇಜ್ ಕಾಲದ ನಮ್ಮ ಹಳಿ ಮ್ಯಾಲೆ ಅದು ಬರೂದ ಸಾಧ್ಯ ಇರಲಿಲ್ಲ. ನಮ್ಮ ಅಜ್ಜ ಇದ್ರಾಗ ಹೋಗ್ತಿದ್ದ, ನಮ್ಮವ್ವ ಇದ್ರಾಗ ತವರಿಗೆ ಬರ್ತಿದ್ಲು ಅಂತ ಹೇಳ್ಕೊಂಡು ಹಾಕ್ಕೋಬೇಕಂದ್ರ ವೈಪಿ ಇಲ್ಲಾ ವೈಜಿ ತಗೋರಿ. ಹೆಸರಿನ ಮೊದಲನೇ ಅಕ್ಷರ ಗೇಜ್ ಹೇಳ್ತೈತಿ, ಡಬ್ಲ್ಯೂ ಅಂದ್ರ ಬ್ರಾಡ್, ವೈ ಅಂದ್ರ ಮೀಟರ್, ಝಡ್ ಮತ್ತ ಎನ್ ಅಂದ್ರ ನ್ಯಾರೋ, ಎರಡನೇದು ಪಿ ಇದ್ರ ಪ್ಯಾಸೆಂಜರ್, ಜಿ ಇದ್ರ ಗೂಡ್ಸ್.

ಫೋಟೊದಾಗ ಹೆಸರು ಕಾಣದಿದ್ರ ಗಾಲಿ ಎಣಿಸ್ರಿ. ಒಂದು ಬಾಜುದಿಂದ ನೋಡಿದ್ರ ವೈಪಿಗೆ ಮುಂದ ಎರಡು ಸಣ್ಣ ಗಾಲಿ, ನಡು ಮೂರು ದೊಡ್ಡವು, ಹಿಂದ ಒಂದು ಸಣ್ಣದು. ವೈಜಿಗೆ ಮುಂದ ಒಂದು, ನಡು ನಾಕು, ಹಿಂದ ಒಂದು. ದೊಡ್ಡ ಗಾಲಿಗಳನ್ನ ಕೂಡಿಸೋ ಕಬ್ಬಿಣದ ರಾಡ್ ಇರ್ತೈತಲ್ಲ, ಶರ್ಟ್ ಮ್ಯಾಲೆ ಚಂದ ಕಾಣೋದು ಅದ, ಹಂಗಾಗಿ ರಾಡ್ ಕೆಳಗಿರೋ ಹೊತ್ತಿನ ಫೋಟೊ ಸಿಕ್ಕರ ಆರಿಸ್ಕೋರಿ, ಗಾಲಿ ಕಡ್ಡಿ ಎಲ್ಲಾ ಬಿಚ್ಚಿ ಕಾಣತಾವು. ಭಾರತದ ರೈಲ್ವೆಗೆ ಉಗಿ ಇಂಜಿನ್ ಕಟ್ಟೋದು 1972ಕ್ಕ ಮುಗೀತು, ಪಶ್ಚಿಮ ಬಂಗಾಳದ ಚಿತ್ತರಂಜನ್ ಕಾರ್ಖಾನಿದಾಗ. ಬ್ರಾಡ್ ಗೇಜಿನ ಕೊನೇ ಇಂಜಿನ್ನಿಗೆ 1970ರಾಗ ಅಂತಿಮ್ ಸಿತಾರಾ ಅಂತ ಹೆಸರಿಟ್ಟು ಕಳಿಸಿದ್ರು, ಡಬ್ಲ್ಯೂಜಿ 10560 ಅದರ ನಂಬರ್. ಇಂಥಾ ನಂಬರ್ ಗೊತ್ತಿದ್ರ ಶರ್ಟಿನ ಮ್ಯಾಲೆ ಸಣ್ಣದಾಗಿ ಹಾಕಿಸ್ಕೊಳ್ಳಾಕ ಬರ್ತೈತಿ, ಆದ್ರ ಫೋಟೊದಾಗ ಇರೋ ಇಂಜಿನ್ನಿಂದ ನಂಬರ್ ಹಾಕ್ರಿ, ಮತ್ತೊಂದರದ್ದು ಚಂದ ಐತಿ ಅಂತ ಇದಕ್ಕ ಹಾಕ್ಬ್ಯಾಡ್ರಿ. ತಿಳಿದೋರು ಒಬ್ಬರು ಎದುರಿಗೆ ಬಂದು ಇದು ಆ ಇಂಜಿನ್ ಅಲ್ಲ ಅಂದ್ರ ಆ ಅಂಗಿ ಮತ್ತ ಹಾಕ್ಕೊಳ್ಳೋ ಮನಸ್ಸ ಬರೋದಿಲ್ಲ.

ಫೋಟೊ ನೀವ ತಗೀರಿ, ಇದು ನನ್ನ ಖರೇ ಸಲಹೆ. ಬ್ಯಾರೆಯವರು ತೆಗದ ಫೋಟೊ ಮ್ಯಾಲೆ ಅವರ ಹಕ್ಕು ಇರ್ತೈತಿ, ಗೂಗಲ್‌ನ್ಯಾಗ ಸಿಕ್ತು ಅಂದ್ರ ಪುಕ್ಕಟಿ ಅಂತ ಅಲ್ಲ. ನಿಮಗ ಮಾತ್ರ ಅಲ್ಲದ ನಾಳೆ ನಾಕು ಮಂದಿಗೆ ಮಾಡಿ ಮಾರೋ ವಿಚಾರ ಇದ್ರಂತೂ ತೆಗದೋರ್ನ ಕೇಳಿ ಬರವಣಿಗಿದಾಗ ಒಪ್ಪಿಗಿ ತಗೋಬೇಕು, ಇಲ್ಲಾ ಮುಕ್ತ ಲೈಸೆನ್ಸ್ ಇರೋ ಫೋಟೊ ಹುಡುಕಿ ಅದರ ಷರತ್ತು ಪೂರಾ ಓದ್ಬೇಕು. ಅದೆಲ್ಲಾದಕ್ಕಿಂತ ಒಂದು ರವಿವಾರ ಹುಬ್ಬಳ್ಳಿಗೆ ಹೋಗೋದು ಹಗುರ. ಅಲ್ಲಿ 2020ರಾಗ ರೈಲ್ ಮ್ಯೂಸಿಯಂ ಆಗೈತಿ, ಗದಗ ರೋಡ್ ಕಡಿ ಇರೋ ಸ್ಟೇಶನ್ನಿನ ಎರಡನೇ ಬಾಗಿಲ ಹತ್ರ, ಅಂಗಳದಾಗ ಹಳೆ ಇಂಜಿನ್ ನಿಲ್ಲಿಸ್ಯಾರ. ಮೈಸೂರಿನ ಮ್ಯೂಸಿಯಂ ಇನ್ನೂ ಹಳೇದು, 1979ರಿಂದ ಐತಿ, ವಿಜಯಪುರ ಬಾಗಲಕೋಟಿ ಮಂದಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದ್ರ ಸೀದಾ ಮೈಸೂರು. ಹೊಗಿ ಉಗುಳೋ ಜೀವಂತ ಇಂಜಿನ್ ಬೇಕಂದ್ರ ನೀಲಗಿರಿಗೆ ಹೋಗ್ಬೇಕು, ಮೆಟ್ಟುಪಾಳ್ಯಂದಿಂದ ಕೂನೂರು ತನಕ ಗುಡ್ಡ ಏರೋದಕ್ಕ ಈಗಲೂ ಉಗಿ ಇಂಜಿನ್ನ, ಹಲ್ಲಿನ ಹಳಿ ಮ್ಯಾಲೆ. ಮ್ಯೂಸಿಯಂನ್ಯಾಗ ಕೌಂಟರ್‌ನ್ಯಾಗ ಮೊದಲ ಕೇಳ್ರಿ, ಶರ್ಟ್ ಮ್ಯಾಲೆ ಪ್ರಿಂಟ್ ಮಾಡಿಸ್ಕೊಳ್ಳಾಕ ಅಂತ ಇದ್ದದ್ದು ಇದ್ದಂಗ ಹೇಳ್ರಿ, ಮಾರಾಕ ಅಂದ್ರ ಬ್ಯಾರೆ ಪರ್ಮಿಷನ್ ಬೇಕಾಗ್ತೈತಿ.

ಫೋಟೊ ತಗಿಯೋದ್ರಾಗ ಬೆಳಕಿನ ವಿಚಾರ ದೊಡ್ಡದು. ಇಂಜಿನ್ ಕಪ್ಪು, ಮಟಮಟ ಮಧ್ಯಾಹ್ನದಾಗ ತೆಗದ್ರ ಬಾಯ್ಲರ್ ನೆತ್ತಿ ಬೆಳ್ಳಗ ಹೊಳೀತೈತಿ, ಕೆಳಗ ಗಾಲಿ ಪೂರಾ ಕತ್ತಲಿ, ಅರಬಿ ಮ್ಯಾಲೆ ಅದು ಬರೀ ಕರಿ ಮುದ್ದಿ ಆಗ್ತೈತಿ. ಮುಂಜಾನೆ ಬಾಗಿಲ ತೆಗದ ಕೂಡ್ಲೆ ಹೋಗ್ರಿ, ಇಲ್ಲಾ ಸಂಜಿ ಮುಂದ, ಬಿಸಲು ಬಾಜುದಿಂದ ಬೀಳೋ ಹೊತ್ತಿನ್ಯಾಗ, ಆಗ ರಿವೆಟ್, ಅಂದ್ರ ತಗಡು ಕೂಡಿಸೋ ಗುಂಡು ತಲಿ ಮೊಳಿ, ಒಂದೊಂದೂ ಎದ್ದು ಕಾಣತೈತಿ. ಮಳೆಗಾಲದ ಮೋಡದ ದಿನಾನೂ ಛಲೋ. ಮೊಬೈಲ್‌ನ್ಯಾಗ ಗಾಲಿ ಮ್ಯಾಲೆ ಬೆರಳು ಒತ್ತಿ ಅದಕ್ಕ ಬೆಳಕು ಹೊಂದಿಸ್ರಿ, ಆಕಾಶ ಬೆಳ್ಳಗ ಆದ್ರ ಆಗ್ಲಿ. ಮತ್ತ ಭಾಳ ಹತ್ರ ನಿಂತು ಅಗಲ ಲೆನ್ಸ್‌ನ್ಯಾಗ ತಗೀಬ್ಯಾಡ್ರಿ, ಮೂತಿ ಉಬ್ಬಿ ಹಿಂದಿಂದು ಸಣ್ಣ ಆಗ್ತೈತಿ, ನಾಕು ಹೆಜ್ಜಿ ಹಿಂದ ಸರದು ಎರಡು ಪಟ್ಟು ಝೂಮ್ ಹಾಕ್ರಿ. ಕ್ಯಾಮೆರಾ ನಿಮ್ಮ ಸೊಂಟದ ಎತ್ತರಕ್ಕ ಇಳಸಿದ್ರ ಇಂಜಿನ್ ಇನ್ನೂ ದೊಡ್ಡದು, ಗತ್ತು ಅನಸ್ತೈತಿ.

ಎರಡು ಕೋನದಾಗ ತಗೀರಿ. ಒಂದು ಪೂರಾ ಬಾಜುದಿಂದ, ಇನ್ನೊಂದು ಮೂತಿನೂ ಒಂದು ಬಾಜೂನೂ ಎರಡೂ ಕಾಣೋ ಹಂಗ ಓರೆ ನಿಂತು. ಯಾಕಂದ್ರ ಟೆಂಡರ್, ಅಂದ್ರ ಕಲ್ಲಿದ್ದಲು ನೀರು ತುಂಬೋ ಹಿಂದಿನ ಡಬ್ಬಿ, ಸಮೇತ ಇಂಜಿನ್ನಿನ ಉದ್ದ ಅದರ ಎತ್ತರಕ್ಕಿಂತ ಐದಾರು ಪಟ್ಟು ಇರ್ತೈತಿ. ಬೆನ್ನ ಮ್ಯಾಲೆ 14 ಇಂಚು ಅಗಲ ಪ್ರಿಂಟ್ ಮಾಡಿಸಿದ್ರಿ ಅಂದ್ರ ಬಾಜು ಫೋಟೊ ಎತ್ತರ ಬರೇ ಎರಡೂವರಿ ಇಂಚಿನ ಆಸುಪಾಸು ಬರ್ತೈತಿ, ಒಂದು ಪಟ್ಟಿ ಅಷ್ಟ, ಮೇಲೆ ಕೆಳಗ ಎಲ್ಲಾ ಖಾಲಿ. ಓರೆ ಫೋಟೊ ಆದ್ರ ಅಗಲ ಎತ್ತರ ಹೆಚ್ಚು ಕಮ್ಮಿ ಸಮ, ಬೆನ್ನ ತುಂಬ ಕೂಡ್ತೈತಿ. ಬಾಜು ಫೋಟೊ ವ್ಯರ್ಥ ಅಂತ ಅಲ್ಲ, ಅದನ್ನ ಶರ್ಟಿನ ಕೆಳಗಿನ ಅಂಚಿಗೆ ಸುತ್ತಲೂ ಸೀರಿ ಅಂಚಿನಂಗ ಓಡಿಸ್ರಿ, ಇಂಜಿನ್ನು, ಅದರ ಹಿಂದ ಡಬ್ಬಿ, ಡಬ್ಬಿ, ಡಬ್ಬಿ, ಮುಂದಿನಿಂದ ಶುರುವಾಗಿ ಬೆನ್ನ ಸುತ್ತಿ ಮತ್ತ ಮುಂದಕ್ಕ ಬರ್ಲಿ. ಉದ್ದ ಶರ್ಟ್ ಹಾಕ್ಕೊಳ್ಳೋರಿಗೆ ಇದು ಭಾಳ ಒಪ್ಪತೈತಿ, ಜೀನ್ಸ್ ಮ್ಯಾಲೂ ಆತು ಲೆಗ್ಗಿಂಗ್ ಮ್ಯಾಲೂ ಆತು.

ಫೋಟೊ ಸೈಜಿನ ಲೆಕ್ಕ ಸರಳ ಐತಿ. ಅರಬಿ ಮ್ಯಾಲೆ ಒಂದು ಇಂಚಿಗೆ 300 ಚುಕ್ಕಿ ಇದ್ರ ಉತ್ತಮ, 150 ಇದ್ರೂ ನಡೀತೈತಿ, ಅದಕ್ಕಿಂತ ಕಡಿಮಿ ಆದ್ರ ಒಡದು ಕಾಣತೈತಿ. 14 ಇಂಚು ಅಗಲಕ್ಕ 300ರ ಲೆಕ್ಕದಾಗ 4200 ಪಿಕ್ಸೆಲ್ ಬೇಕು, 150ರ ಲೆಕ್ಕದಾಗ 2100. 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೊ 4000 ಪಿಕ್ಸೆಲ್ ಉದ್ದ ಇರ್ತೈತಿ, ಅಂದ್ರ ಆರಾಮ ಸಾಕು. ಕೆಡೋದು ಎಲ್ಲಿ ಅಂದ್ರ ಅಂಗಡಿಯವರಿಗೆ ವಾಟ್ಸಾಪ್‌ನ್ಯಾಗ ಕಳಸೋ ಹೊತ್ತಿಗೆ, ಅದು ಫೋಟೊನ ಕುಗ್ಗಿಸಿಬಿಡ್ತೈತಿ. ಡಾಕ್ಯುಮೆಂಟ್ ಅಂತ ಕಳಸ್ರಿ, ಇಲ್ಲಾ ಪೆನ್‌ಡ್ರೈವ್ ಒಯ್ರಿ. ಸ್ಕ್ರೀನ್‌ಶಾಟ್ ಅಂತೂ ಬ್ಯಾಡ್ರಿ.

ಇನ್ನ ಫೋಟೊ ತಿದ್ದೋದು. ಅರಬಿ ಮಸಿ ಹೀರ್ತೈತಿ, ಸ್ಕ್ರೀನ್ ಮ್ಯಾಲೆ ಕಂಡಿದ್ದಕ್ಕಿಂತ ಪ್ರಿಂಟ್ ಯಾವಾಗಲೂ ಒಂದು ಛಾಯೆ ಕಪ್ಪಗ ಬರ್ತೈತಿ, ಅದಕ್ಕ ಮೊಬೈಲ್‌ನ್ಯಾಗ ಎಡಿಟ್ ಮಾಡೋವಾಗ ಶ್ಯಾಡೋಸ್ ಅನ್ನೋದನ್ನ, ಅಂದ್ರ ಕತ್ತಲಿ ಜಾಗದ ಬೆಳಕನ್ನ, ಮ್ಯಾಲೆ ಎತ್ರಿ, ಗಾಲಿ ಕಡ್ಡಿ ನಡುವ ಬೂದು ಬಣ್ಣ ಕಾಣೋ ತನಕ ಎತ್ರಿ, ಸ್ಕ್ರೀನ್ ಮ್ಯಾಲೆ ಸ್ವಲ್ಪ ಪೇಲವ ಅನಿಸಿದ್ರ ಅರಬಿ ಮ್ಯಾಲೆ ಬರೋಬ್ಬರಿ ಬರ್ತೈತಿ. ಹಿಂದಿನ ಕರೆಂಟ್ ಕಂಬ, ಕಸದ ಡಬ್ಬಿ, ಬೋರ್ಡು ಎಲ್ಲಾ ತಗೀರಿ, ಆದ್ರ ಇಂಜಿನ್ ಅಂಚನ್ನ ಕತ್ತರಿಸಿ ಖಾಲಿ ಬಿಳಿ ಮ್ಯಾಲೆ ಕೂಡಸ್ಬ್ಯಾಡ್ರಿ, ಕೆಳಗ ಹಳಿ ಮತ್ತ ಜಲ್ಲಿ ಒಂದಿಷ್ಟು ಇರ್ಲಿ, ಹಳಿ ಇಲ್ಲದ ಇಂಜಿನ್ ಗಾಳ್ಯಾಗ ತೇಲಾಡ್ತೈತಿ.

ಹೊಗಿ ಬಗ್ಗೆ ಬ್ಯಾರೆ ಹೇಳ್ಬೇಕು, ಯಾಕಂದ್ರ ಎಲ್ಲಾರೂ ಹೊಗಿ ಬೇಕು ಅಂತಾರ. ಚಿಮಣಿಯಿಂದ ಬರೋ ಕರಿ ಹೊಗಿ ಬಿಳಿ ಅರಬಿ ಮ್ಯಾಲೆ ಎದ್ದು ಕಾಣತೈತಿ, ಬಾಜೂದಿಂದ ಬರೋ ಉಗಿ ಬೆಳ್ಳಗ ಇರ್ತೈತಿ, ಬಿಳಿ ಅರಬಿ ಮ್ಯಾಲೆ ಅದು ಇಲ್ಲವಾಗಿಬಿಡ್ತೈತಿ, ಹಿಂದ ಆಕಾಶದ ಬೂದು ಬಣ್ಣ ಉಳಿಸ್ಕೊಂಡ್ರ ಮಾತ್ರ ಕಾಣತೈತಿ. ಕರಿ ಇಲ್ಲಾ ದಟ್ಟ ನೀಲಿ ಅರಬಿ ಮ್ಯಾಲೆ ಬಿಳಿ ಉಗಿ ಅದ್ಭುತ ಕಾಣತೈತಿ, ಆದ್ರ ಅದಕ್ಕ ಕೆಳಗ ಬಿಳಿ ಮಸಿ ಹಾಕೋ ಪ್ರಿಂಟಿಂಗ ಬೇಕು, ಅದನ್ನ ಮುಂದ ಹೇಳ್ತೀನಿ. ನನಗ ಎಲ್ಲಾದಕ್ಕಿಂತ ಇಷ್ಟ ಆಗೋದು ಮಾಸಲು ಬಿಳಿ ಕಾಟನ್ ಮ್ಯಾಲೆ ಕಪ್ಪು ಬಿಳುಪು ಫೋಟೊ, ಅರಬಿ ಬಣ್ಣನ ಹಳೆ ಫೋಟೊದ ಕಾಗದದ ಬಣ್ಣ ಕೊಡ್ತೈತಿ, ಸುಳ್ಳ ಸುಳ್ಳ ಕಂದು ಬಣ್ಣ ಬಳಿಯೋ ಜರೂರತ್ತ ಬೀಳೋದಿಲ್ಲ.

ಈಗ ಮೈ ಮ್ಯಾಲೆ ಎಲ್ಲಿ ಅನ್ನೋದಕ್ಕ ಬರೂನು, ಹೆಣ್ಮಕ್ಕಳ ಶರ್ಟಿಗೂ ಗಂಡಸರ ಶರ್ಟಿಗೂ ಖರೇ ವ್ಯತ್ಯಾಸ ಇಲ್ಲೇ ಇರೋದು. ನಮ್ಮ ಶರ್ಟಿಗೆ ಎದಿ ಹತ್ರ ಡಾರ್ಟ್, ಅಂದ್ರ ಮೈಗೆ ಕೂಡೋ ಹಂಗ ಅರಬಿ ಮಡಚಿ ಹಾಕಿದ ಹೊಲಿಗಿ, ಇರ್ತಾವು, ಇಲ್ಲಾ ಮ್ಯಾಲಿಂದ ಕೆಳಗಿನ ತನಕ ಉದ್ದ ಹೊಲಿಗಿ ಬರೋ ಪ್ರಿನ್ಸೆಸ್ ಕಟ್ ಇರ್ತೈತಿ, ಆ ಹೊಲಿಗಿ ಫೋಟೊ ನಡುವ ಹಾದು ಹೋದ್ರ ಬಾಯ್ಲರ್ ಮುರಿತೈತಿ. ಡಾರ್ಟ್ ಇಲ್ಲದ ಶರ್ಟ್ ಆದ್ರೂ ಎದಿ ಮ್ಯಾಲೆ ಅರಬಿ ಜಗ್ಗಿ ಗಾಲಿ ಅಡ್ಡಕ್ಕ ಉದ್ದ ಆಗ್ತಾವು, ಮ್ಯಾಲೆ ನಡು ಗುಂಡಿ ಪಟ್ಟಿ ಬ್ಯಾರೆ, ಒಂದು ಗುಂಡಿ ಒಂದು ನೂಲು ಮ್ಯಾಲೆ ಕೆಳಗ ಆದ್ರ ಎಡಗಡಿ ಅರ್ಧ ಇಂಜಿನ್ನು ಬಲಗಡಿ ಅರ್ಧಕ್ಕ ಕೂಡೋದಿಲ್ಲ. ಹಂಗಾಗಿ ದೊಡ್ಡ ಫೋಟೊ ಬೆನ್ನಿಗೆ. ಬೆನ್ನು ಸಪಾಟು, ಗುಂಡಿ ಇಲ್ಲ, ಒಂದ ತುಂಡು ಅರಬಿ. ಯೋಕ್, ಅಂದ್ರ ಭುಜದ ಮ್ಯಾಲೆ ಬರೋ ಅಡ್ಡ ಪಟ್ಟಿ, ಅದರ ಹೊಲಿಗಿ ಕೆಳಗ ಎರಡು ಇಂಚು ಬಿಟ್ಟು ಚಿಮಣಿ ಶುರು ಆಗ್ಲಿ, ಹೊಗಿ ಬೇಕಂದ್ರ ಯೋಕ್ ತನಕ ಏರ್ಲಿ, ಗಾಲಿ ಸೊಂಟಕ್ಕಿಂತ ಮ್ಯಾಲೇ ಮುಗೀಲಿ, ಯಾಕಂದ್ರ ಸೊಂಟದ ಕೆಳಗ ಕುಂತಾಗ ಸುಕ್ಕು ಬೀಳ್ತೈತಿ. ಉದ್ದ ಕೂದಲು ಬಿಡೋರು, ಜಡಿ ಹಾಕೋರು ಇನ್ನೂ ಎರಡು ಇಂಚು ಕೆಳಗ ಇಳಸ್ರಿ, ಇಲ್ಲಂದ್ರ ಚಿಮಣಿ ಕೂದಲಾಗ ಮುಚ್ಚಿ ಹೋಗ್ತೈತಿ. ಕಾಲೇಜಿಗೆ ಹೋಗೋ ಹುಡಿಗ್ಯಾರು, ಬೆನ್ನಿಗೆ ಬ್ಯಾಗ್ ಹಾಕೋರು ವಿಚಾರ ಮಾಡ್ರಿ, ದಿನಾ ಬ್ಯಾಗ್ ತಿಕ್ಕಿದ್ರ ಪ್ರಿಂಟ್ ಸವಿತೈತಿ, ಅವರಿಗೆ ಕೆಳ ಅಂಚಿನ ಬಾಜು ಫೋಟೊ ಒಳ್ಳೇದು.

ಮುಂದ ಬೇಕ ಬೇಕು ಅನ್ನೋರಿಗೂ ದಾರಿ ಐತಿ. ಒಂದು ಬಾಜೂಗೆ ಹಾಕಿಸ್ರಿ, ಎಡಗಡಿ ಪೂರಾ ಪ್ಯಾನೆಲ್‌ನ್ಯಾಗ ಮೂತಿ, ಬಲಗಡಿ ಖಾಲಿ, ಗುಂಡಿ ಪಟ್ಟಿಗೆ ಒಂದು ಇಂಚು ದೂರ ನಿಲ್ಲಿಸ್ರಿ. ಇಲ್ಲಾ ಎದಿ ಕೆಳಗ, ಸೊಂಟದಿಂದ ಅಂಚಿನ ತನಕ. ಇಂಜಿನ್ ಮೂತಿಯಾಗಿನ ಹೊಗಿ ಡಬ್ಬಿ, ಅಂದ್ರ ಸ್ಮೋಕ್‌ಬಾಕ್ಸಿನ ದುಂಡ ಬಾಗಿಲನ್ನ ಎದಿ ಮ್ಯಾಲೆ ಕೂಡಸೋ ಡಿಸೈನ್ ಅಂಗಡಿಯವರು ತೋರಿಸ್ತಾರ, ನಾನಂತೂ ಬ್ಯಾಡ ಅಂತೀನಿ, ಎಲ್ಲಾರ ಕಣ್ಣು ಅಲ್ಲೇ ನಿಲ್ಲೋ ಅಂಗಿ ದಿನಾ ಹಾಕ್ಕೊಂಡು ಅಡ್ಡಾಡೋಕೆ ಯಾರಿಗೂ ಆರಾಮ ಅನಸೋದಿಲ್ಲ. ಮುಂದ ಬರೀ ಬಕ್ಕಣದ ಮ್ಯಾಲೆ ಇಂಜಿನ್ನಿನ ನಂಬರ್ ಪ್ಲೇಟ್ ಸಣ್ಣದಾಗಿ, ಹಿಂದ ಇಡೀ ಇಂಜಿನ್ನು, ಇದು ಯಾವ ವಯಸ್ಸಿಗೂ ಒಪ್ಪತೈತಿ.

ಕಾಗದದ ಮ್ಯಾಲೆ ಮೊದಲ ನೋಡ್ರಿ, ಇದನ್ನ ಬಿಡಬ್ಯಾಡ್ರಿ. ಝೆರಾಕ್ಸ್ ಅಂಗಡಿದಾಗ ಎ3 ಸೈಜಿಗೆ ಕಪ್ಪು ಬಿಳುಪು ಪ್ರಿಂಟ್ ತಗದು, ಅಂಚು ಕತ್ತರಿಸಿ, ನಿಮ್ಮದ ಒಂದು ಹಳೆ ಶರ್ಟಿಗೆ ಪಿನ್ ಹಚ್ಚಿ ಹಾಕ್ಕೊಂಡು ಯಾರಿಗಾರ ಬೆನ್ನಿನ ಫೋಟೊ ತಗಿಯೋಕೆ ಹೇಳ್ರಿ. ಮ್ಯಾಲೆ ಆತೋ ಕೆಳಗ ಆತೋ, ದೊಡ್ಡದೋ ಸಣ್ಣದೋ ಅಲ್ಲೇ ಗೊತ್ತಾಗಿಬಿಡ್ತೈತಿ.

ಪ್ರಿಂಟಿಂಗ್ ಅಂಗಡಿಯವರು ಮೂರು ನಾಕು ನಮೂನಿ ಹೇಳ್ತಾರ. ಸಬ್ಲಿಮೇಶನ್ ಅನ್ನೋದು ಪಾಲಿಯೆಸ್ಟರ್‌ಗೆ ಮಾತ್ರ, ಸುಮಾರು 190ರಿಂದ 200 ಡಿಗ್ರಿ ಕಾವಿನ್ಯಾಗ ಬಣ್ಣ ಆವಿ ಆಗಿ ನೂಲಿನೊಳಗ ಇಳಿತೈತಿ, ಕೈಯಾಡಿಸಿದ್ರ ಪ್ರಿಂಟ್ ಐತಿ ಅಂತ ಗೊತ್ತಾಗೋದಿಲ್ಲ, ಎಷ್ಟು ಒಗದ್ರೂ ಹೋಗೋದಿಲ್ಲ, ಆದ್ರ ಬಿಳಿ ಇಲ್ಲಾ ತಿಳಿ ಬಣ್ಣದ ಅರಬಿನ ಬೇಕು, ಕಾಟನ್‌ಗೆ ಹಿಡಿಯೋದಿಲ್ಲ. ಅಂಗಡಿಗಳು ಇದನ್ನ ಹೊಗಳ್ತಾವು, ಖರ್ಚು ಕಡಿಮಿ, ಕೆಲಸ ಲಗೂ. ಬೆಳಗಾವಿ ಥಂಡಿಗೆ ಪಾಲಿಯೆಸ್ಟರ್ ನಡೀತೈತಿ, ವಿಜಯಪುರ ಬಾಗಲಕೋಟಿದಾಗ ಏಪ್ರಿಲ್ ಮೇ ತಿಂಗಳ 40 ಡಿಗ್ರಿ ಬಿಸಲಾಗ ಆ ಶರ್ಟ್ ಹಾಕ್ಕೊಂಡು ಮನಿಯಿಂದ ಹೊರಗ ಬೀಳೋಕೆ ಆಗೋದಿಲ್ರಿ.

ಡಿಟಿಎಫ್ ಅಂದ್ರ ಫಿಲ್ಮ್ ಮ್ಯಾಲೆ ಪ್ರಿಂಟ್ ಮಾಡಿ, ಹಿಂದ ಅಂಟಿನ ಪುಡಿ ಹಾಕಿ, 150-160 ಡಿಗ್ರಿದಾಗ ಅರಬಿಗೆ ಒತ್ತೋದು. ಕಾಟನ್ನೂ ಆತು, ಕರಿ ಅರಬಿನೂ ಆತು, ಬಿಳಿ ಮಸಿ ಇದ್ರಾಗ ಇರ್ತೈತಿ, ನಾನು ಮ್ಯಾಲೆ ಹೇಳಿದ ಬಿಳಿ ಉಗಿ ಕರಿ ಅರಬಿ ಮ್ಯಾಲೆ ಬರೋದು ಇದರಿಂದ. ತೊಂದ್ರಿ ಏನಂದ್ರ ಬೆನ್ನ ತುಂಬ 14 ಇಂಚು ಹೊಡಿಸಿದ್ರಿ ಅಂದ್ರ ಅಷ್ಟು ಜಾಗಾ ಗಾಳಿ ಆಡೋದಿಲ್ಲ, ಬೆವರು ಅಲ್ಲೇ ನಿಲ್ತೈತಿ. ಅದಕ್ಕ ಅಂಗಡಿಯವರಿಗೆ ಹೇಳಿ ಫೋಟೊನ ಚುಕ್ಕಿ ಚುಕ್ಕಿ ಮಾಡಸ್ರಿ, ಹಾಫ್‌ಟೋನ್ ಅಂತಾರ ಅದನ್ನ, ಬೂದು ಜಾಗದಾಗ ಚುಕ್ಕಿ ನಡುವ ಅರಬಿ ಹಂಗ ಬಿಟ್ಟಿರ್ತೈತಿ, ಪ್ರಿಂಟ್ ಹಗುರ ಆಗ್ತೈತಿ, ಹಳೆ ಪೇಪರ್‌ನ್ಯಾಗಿನ ಫೋಟೊದ ಕಳೆನೂ ಬರ್ತೈತಿ. ಸಣ್ಣ ನಂಬರ್ ಪ್ಲೇಟಿಗಂತೂ ಡಿಟಿಎಫ್ ಸಾಕು.

ಒಂದ ನಮೂನಿ 20-30 ಶರ್ಟ್ ಬೇಕಂದ್ರ, ಮಹಿಳಾ ಮಂಡಳದವರು ಟ್ರಿಪ್ ಹೊಂಟಾರ ಅಂತ ಇಟ್ಕೋರಿ, ಸ್ಕ್ರೀನ್ ಪ್ರಿಂಟ್, ಅಂದ್ರ ಚಿತ್ರದ ಜಾಳಿಗಿ ಮಾಡಿ ಅದರಾಗಿಂದ ಮಸಿ ಒತ್ತೋದು, ಮಾಡಸ್ರಿ. ಒಂದ ಬಣ್ಣ, ಕಪ್ಪು, ಹಾಫ್‌ಟೋನ್ ಫೋಟೊ. ಸ್ಕ್ರೀನ್ ಮಾಡೋ ಖರ್ಚು ಒಮ್ಮೆ, ಆಮ್ಯಾಲೆ ಒಂದೊಂದಕ್ಕ ಕಡಿಮಿ ಬೀಳ್ತೈತಿ, ಮಸಿ ಕಾಟನ್ನಿಗೆ ಗಟ್ಟಿ ಹಿಡಿತೈತಿ. ಒಂದ ಶರ್ಟಿಗೆ ಸ್ಕ್ರೀನ್ ಮಾಡಿಸಿದ್ರ ದುಡ್ಡು ದಂಡ.

ಎಲ್ಲಾದಕ್ಕಿಂತ ಮ್ಯಾಲಿಂದು, ನನ್ನ ಮನಸ್ಸಿಗೆ ಒಪ್ಪೋದು, ಕಾಟನ್ ಅರಬಿ ಮ್ಯಾಲೆ ರಿಯಾಕ್ಟಿವ್ ಡಿಜಿಟಲ್ ಪ್ರಿಂಟ್. ಬಣ್ಣ ಹತ್ತಿ ನೂಲಿನ ಜೋಡಿ ರಾಸಾಯನಿಕವಾಗಿ ಕೂಡ್ತೈತಿ, ಕೂಡಬೇಕಂದ್ರ ಪ್ರಿಂಟ್ ಆದ ಮ್ಯಾಲೆ ಅರಬಿಗೆ ಉಗಿ ಕೊಡ್ತಾರ, 100 ಡಿಗ್ರಿ ಆಸುಪಾಸಿನ ಉಗಿ, ಆಮ್ಯಾಲೆ ಒಗದು ಉಳಿದ ಬಣ್ಣ ತಗೀತಾರ. ಉಗಿ ಇಂಜಿನ್ನಿನ ಚಿತ್ರ ಉಗಿಯಿಂದನ ಗಟ್ಟಿ ಆಗ್ತೈತಿ ಅನ್ನೋದು ನನಗ ಭಾಳ ಸೇರೋ ವಿಷಯ. ಅರಬಿ ಮೊದಲಿನಷ್ಟ ಮೆತ್ತಗ, ಗಾಳಿ ಆಡ್ತೈತಿ. ಮೀಟರ್ ಲೆಕ್ಕದಾಗ ಪ್ರಿಂಟ್ ಮಾಡಿ ಕಳಸೋರು ಆನ್‌ಲೈನ್‌ನ್ಯಾಗ ಅದಾರ, ಖರ್ಚು ಹೆಚ್ಚು, ಆದ್ರ ಇದ್ರಾಗ ನೀವು ಶರ್ಟಿನ ಬೆನ್ನು, ಮುಂದಿನ ಎರಡು ಪ್ಯಾನೆಲ್ಲು, ತೋಳು ಎಲ್ಲಾ ಅರಬಿ ಮ್ಯಾಲೇ ಜೋಡಿಸಿ ಪ್ರಿಂಟ್ ಮಾಡಿಸ್ಕೊಂಡು ಆಮ್ಯಾಲೆ ಕತ್ತರಿಸಿ ಹೊಲಿಸ್ಬಹುದು.

ಯಾವ ನಮೂನಿ ಆದ್ರೂ ಅಂಗೈ ಅಗಲದ ಒಂದು ತುಂಡು ಮೊದಲ ಪ್ರಿಂಟ್ ಮಾಡಿಸಿ ಮನಿಗೆ ತಂದು ಒಗದು ನೋಡ್ರಿ. ಕಪ್ಪು ಬಿಳುಪು ಫೋಟೊ ಅಂತ ಕೊಟ್ಟಿದ್ದು ಬಣ್ಣದ ಮಸಿದಾಗ ಹಸರು ಇಲ್ಲಾ ನೇರಳಿ ಛಾಯೆ ಹೊಡಿಯೋದು ಭಾಳ ಸಾಮಾನ್ಯ, ಅದು ತುಂಡಿನ್ಯಾಗ ಗೊತ್ತಾದ್ರ ಅಂಗಡಿಯವರು ತಿದ್ದಿ ಕೊಡ್ತಾರ. ಮತ್ತ ಒತ್ತೋ ಮೊದಲ ನಂಬರ್ ಓದ್ರಿ. ಸಬ್ಲಿಮೇಶನ್ ಕಾಗದ, ಡಿಟಿಎಫ್ ಫಿಲ್ಮ್ ಎರಡ್ರಾಗೂ ಚಿತ್ರ ಉಲ್ಟಾ ಪ್ರಿಂಟ್ ಮಾಡ್ಬೇಕು, ಒತ್ತಿದ ಮ್ಯಾಲೆ ಸೀದಾ ಆಗ್ತೈತಿ. ಹೂವು ಹಕ್ಕಿ ಆದ್ರ ಉಲ್ಟಾ ಆಗಿದ್ದು ಗೊತ್ತಾಗೋದಿಲ್ಲ, ಇಂಜಿನ್ನಿನ ನಂಬರ್ ಉಲ್ಟಾ ಬಂದ್ರ ಅಂಗಿ ಹೋತು.

ಅರಬಿ ತರೋಕೆ ಬೆಳಗಾವಿದಾಗ ಖಡೇಬಜಾರ್, ಶಹಾಪುರ, ವಿಜಯಪುರದಾಗ ಎಲ್‌ಬಿಎಸ್ ಮಾರ್ಕೆಟ್. ಉದ್ದ ತೋಳಿನ ಶರ್ಟಿಗೆ 44 ಇಂಚು ಪನ್ನಾದ (ಅಗಲದ) ಅರಬಿ ಎರಡೂಕಾಲು ಮೀಟರ್ ತಗೋರಿ. ನೂಲು ಸಣ್ಣಗಿದ್ದು ನೇಯ್ಗಿ ದಟ್ಟ ಇರೋ ಪಾಪ್ಲಿನ್ ಇಲ್ಲಾ ಕೇಂಬ್ರಿಕ್ ಆರಿಸ್ರಿ, ದಪ್ಪ ಖಾದಿ ಮ್ಯಾಲೆ ರಿವೆಟ್ಟು, ಗಾಲಿ ಕಡ್ಡಿ ಕಾಣೋದಿಲ್ಲ. ರೇಯಾನ್ ಜಾರಿ ಜಾರಿ ಬೀಳ್ತೈತಿ, ಇಂಜಿನ್ ನೆಟ್ಟಗ ನಿಲ್ಲೋದಿಲ್ಲ. ಡಿಟಿಎಫ್ ಇಲ್ಲಾ ಸ್ಕ್ರೀನ್ ಪ್ರಿಂಟ್ ಮಾಡಿಸೋದಿದ್ರ ತಂದ ಕಾಟನ್ನನ್ನ ರಾತ್ರಿ ನೀರಾಗ ನೆನಸಿ ಒಣಗಿಸಿ ಇಸ್ತ್ರಿ ಮಾಡ್ರಿ, ಆಮ್ಯಾಲೆ ಪ್ರಿಂಟ್. ಮೊದಲ ಪ್ರಿಂಟ್ ಮಾಡಿಸಿ ಆಮ್ಯಾಲೆ ಕಾಟನ್ ಕುಗ್ಗಿದ್ರ ಚಿತ್ರ ಸುಕ್ಕು ಹಿಡಿತೈತಿ.

ನಮ್ಮ ಕಡಿ ಒಂದು ಸೊಗಸು ಬೇಕಂದ್ರ ಗುಳೇದಗುಡ್ಡ ಖಣದ, ಅಂದ್ರ ಅಲ್ಲಿ ನೇಯೋ ಕುಪ್ಪಸದ ಅರಬಿಯ, ತುಂಡು ತಂದು ಕಾಲರ್ ಒಳಗಿನ ಪಟ್ಟಿ, ಯೋಕ್, ತೋಳಿನ ಮಡಚೋ ಪಟ್ಟಿಗೆ ಹಾಕಸ್ರಿ. ಬಾಗಲಕೋಟಿ ಮಂದಿಗಂತೂ ಖಣ ಮನಿ ಹಿತ್ತಲದ್ದ. ಕಪ್ಪು ಬಿಳುಪು ಇಂಜಿನ್ನಿನ ಮ್ಯಾಲೆ ಕುಂಕುಮ ಬಣ್ಣದ ಇಲ್ಲಾ ಹಸರು ಖಣ ಬಂದ್ರ ಆ ಅಂಗಿಗೆ ಬರೋ ಕಳೆ ಬ್ಯಾರೆನ. ಆದ್ರ ಖಣ ಬೆನ್ನಿನ ಪ್ಯಾನೆಲ್‌ಗೆ ಬ್ಯಾಡ, ಅದರ ಬುಟ್ಟಾ ಮತ್ತ ಇಂಜಿನ್ನು ಎರಡೂ ಜಗಳಾಡ್ತಾವು. ಮತ್ತ ಖಣನ ಬ್ಯಾರೆ ನೆನಸಿ ಬಣ್ಣ ಬಿಡ್ತೈತೋ ಇಲ್ಲೋ ನೋಡ್ಕೋರಿ, ಬಿಳಿ ಅರಬಿಗೆ ಕೆಂಪು ಹತ್ತಿದ್ರ ತಗಿಯೋಕೆ ಬರೋದಿಲ್ಲ.

ಟೇಲರ್ ಹತ್ರ ಹೋದಾಗ ಅಕ್ಕಾರ ಇದು ಬೆನ್ನಿಗಾ, ಎದೀಗೆ ಹಾಕೋಣಲ್ಲ ಅಂತ ಕೇಳ್ತಾರ, ಬೆನ್ನಿಗ ಅಣ್ಣಾರ ಅಂತ ಗಟ್ಟಿ ಹೇಳ್ರಿ. ಮತ್ತ ಏನೇನು ಹೇಳ್ಬೇಕಂದ್ರ, ಬೆನ್ನ ನಡು ಹೊಲಿಗಿ ಬ್ಯಾಡ, ಬೆನ್ನಿಗೆ ಡಾರ್ಟ್ ಬ್ಯಾಡ, ಕತ್ತರಿಸೋವಾಗ ಚಿತ್ರದ ಕೆಳ ಅಂಚು ಅರಬಿಯ ಅಡ್ಡ ನೂಲಿಗೆ ಸರಿ ಇಟ್ಟು ಕತ್ತರಿಸ್ರಿ, ಪ್ರಿಂಟಿನ ಸುತ್ತ ಎರಡು ಇಂಚು ಖಾಲಿ ಬಿಡ್ರಿ, ಬಾಜು ಹೊಲಿಗಿ ಒಳಗ ಒಂದು ಇಂಚು ಹೆಚ್ಚಿನ ಅರಬಿ ಬಿಡ್ರಿ, ಮುಂದ ಯಾವಾಗರ ಬಿಚ್ಚಿ ಸಡಲ ಮಾಡೋದಾದ್ರ ಬೇಕಾಗ್ತೈತಿ. ಎದಿ ಹತ್ರ ಎರಡು ಗುಂಡಿ ನಡುವ ಒಳಗಿಂದ ಒಂದು ಪ್ರೆಸ್ ಬಟನ್ ಹಚ್ಚಸ್ರಿ, ಬಿರಿಯೋದು ನಿಲ್ತೈತಿ. ಗುಂಡಿ ಪಿತ್ತಾಳಿ ಬಣ್ಣದ ಲೋಹದ್ದು ಸಿಕ್ಕರ ಇಂಜಿನ್ನಿಗೆ ಜೋಡಿ ಆಗ್ತೈತಿ. ಪ್ರಿಂಟ್ ಮ್ಯಾಲೆ ಪಿನ್ ಚುಚ್ಚಬ್ಯಾಡ್ರಿ, ತೂತು ಉಳಿತಾವು. ಶರ್ಟ್ ಸ್ವಲ್ಪ ಸಡಲ ಇರ್ಲಿ, ಬೆನ್ನ ಬಿಗಿ ಆದ್ರ ಕೈ ಮುಂದ ಚಾಚಿದಾಗೆಲ್ಲಾ ಬಾಯ್ಲರ್ ಜಗ್ಗತೈತಿ.

ಒಗಿಯೋದು: ಡಿಟಿಎಫ್ ಆದ್ರ ಪ್ರಿಂಟ್ ಆದ ದಿನ ಒಗೀಬ್ಯಾಡ್ರಿ, ಒಂದು ದಿನ ಬಿಡ್ರಿ. ಒಳಗ ಹೊರಗ ಮಾಡಿ ತಣ್ಣೀರಾಗ, ಬ್ಲೀಚ್ ಇಲ್ಲದ, ಬ್ರಶ್ ಹಚ್ಚದ, ಕಲ್ಲಿಗೆ ಬಡೀದ ಒಗೀರಿ, ಹಿಂಡಬ್ಯಾಡ್ರಿ, ನೆರಳಾಗ ಒಣಗಸ್ರಿ. ಬೋರ್‌ವೆಲ್ಲಿನ ಸವಳ ನೀರಿದ್ರ ಸೋಪು ಸರಿ ಹೋಗೋದಿಲ್ಲ, ಕರಿ ಅರಬಿ ಮ್ಯಾಲೆ ಬಿಳಿ ಪುಡಿ ಕೂಡ್ತೈತಿ, ಕೊನೇ ನೀರು ಒಂದು ಕುಡಿಯೋ ನೀರಾಗ ಜಾಲಾಡ್ರಿ. ಬೆಳಗಾವಿ ಮಳೆಗಾಲದಾಗ ಎರಡು ದಿನ ಆದ್ರೂ ಒಣಗೋದಿಲ್ಲ, ಮಡಚಿ ಹಸಿ ಇಟ್ರ ಪ್ರಿಂಟಿಗೆ ಪ್ರಿಂಟ್ ಅಂಟಿಕೋತೈತಿ, ಹ್ಯಾಂಗರಿಗೆ ಹಾಕಿ ಫ್ಯಾನ್ ಕೆಳಗ ಬಿಡ್ರಿ. ಇಸ್ತ್ರಿ ಯಾವಾಗಲೂ ಒಳಗಿನ ಕಡೆಯಿಂದ. ವರ್ಷ ಎರಡು ವರ್ಷಕ್ಕ ಡಿಟಿಎಫ್ ಪ್ರಿಂಟಿನ ಅಂಚು ಏಳೋಕೆ ಶುರು ಆದ್ರ ಅದನ್ನ ಉಗರಿನಿಂದ ಕೀಳಬ್ಯಾಡ್ರಿ, ಮ್ಯಾಲೆ ಬಟರ್ ಪೇಪರ್ ಇಟ್ಟು, ಉಗಿ ಬಂದ್ ಮಾಡಿದ ಬಿಸಿ ಇಸ್ತ್ರಿ 15 ಸೆಕೆಂಡ್ ಒತ್ತಿ ಹಿಡೀರಿ, ಜರಗಸ್ಬ್ಯಾಡ್ರಿ, ಆರಿದ ಮ್ಯಾಲೆ ಕಾಗದ ನಿಧಾನಕ್ಕ ಬಿಡಸ್ರಿ, ಎದ್ದ ಅಂಚು ಮತ್ತ ಕೂಡ್ತೈತಿ.